ಅಜ್ಜಿಯ ಅಳತೆಯ ಕೋಣೆ

ಈ ಸೆಮಿಸ್ಟರಿಗೆ ಆರ್ಕಿಟೆಕ್ಚರ್ ಕಾಲೇಜಿನ ನಮ್ಮ ಸ್ಟುಡಿಯೋ ತರಗತಿಯ ಮೇಷ್ಟ್ರು ಕೊಟ್ಟದ್ದು ಒಂದೇ ಕೆಲಸ: ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಆರಿಸಿಕೊಂಡು ಅವರಿಗೆಂದೇ ಒಂದು ಕೋಣೆ ಮಾಡಿ. ನಕ್ಷೆ, ಪುಟ್ಟ ಮಾಡೆಲ್ ಎಲ್ಲ ಮುಗಿದ ಮೇಲೆ ಕಾಲೇಜಿನ ಅಂಗಳದಲ್ಲಿ ಮರದ ಪಟ್ಟಿ, ದಪ್ಪ ರಟ್ಟುಗಳಿಂದ ಅದನ್ನು ನಿಜವಾದ ಗಾತ್ರದಲ್ಲೇ ಕಟ್ಟಬೇಕು. ಯಾರಿಗಾಗಿ ಕಟ್ಟಿದೆವೋ ಅವರು ಬಂದು ಕಾಲು ಗಂಟೆ ಅದರೊಳಗೆ ಇದ್ದು ಹೋಗಬೇಕು. ಮೇಷ್ಟ್ರು ಹೊರಗೆ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಅಂಕ ಆ ಕಾಲು ಗಂಟೆಗೇ.

ನಾನು ಅಜ್ಜಿಯನ್ನು ಆರಿಸಿಕೊಂಡೆ. ಅವಳ ಪಕ್ಕದಲ್ಲಿ ಮಲಗಿಯೇ ದೊಡ್ಡವಳಾದವಳು ನಾನು. ಏಳು ಸಮುದ್ರ ದಾಟಿದ ರಾಜಕುಮಾರಿಯರೆಲ್ಲ ನನಗೆ ಸಿಕ್ಕಿದ್ದು ಅವಳ ತೋಳಿನ ಮೇಲೆ ತಲೆಯಿಟ್ಟಾಗಲೇ. ಅವಳನ್ನು ನನಗಿಂತ ಬಲ್ಲವರು ಯಾರು?

ಮೊದಲ ತಿಂಗಳು ನಾನು ಬರೆದದ್ದು ಗೋಪುರ. ತುದಿಯಲ್ಲೊಂದು ದುಂಡು ಕಿಟಕಿ, ಸುತ್ತಿಕೊಂಡು ಏರುವ ಮೆಟ್ಟಿಲು. ಮೇಷ್ಟ್ರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮೆಟ್ಟಿಲು ಎಷ್ಟು ಎಂದು ಕೇಳಿದರು. ನಲವತ್ತೆರಡು ಎಂದೆ, ಹೆಮ್ಮೆಯಿಂದ. ಅಜ್ಜಿಯ ಮಂಡಿಗಳೂ ಜೊತೆಗೆ ಹತ್ತುತ್ತವೆಯೋ, ಇಲ್ಲ ಅವನ್ನು ಕೆಳಗೇ ಬಿಟ್ಟು ಬರುತ್ತಾರೋ ಎಂದು ವಿಚಾರಿಸಿದರು. ಇಡೀ ಸ್ಟುಡಿಯೋ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಎರಡನೆಯದು ಕೊಳದ ನಡುವಿನ ಮಂಟಪ. ಅಜ್ಜಿಗೆ ಈಜು ಬರುತ್ತದೆಯೇ ಎಂದಷ್ಟೇ ಕೇಳಿ ಮುಂದಿನ ಮೇಜಿಗೆ ಹೋದರು. ಅರ್ಧ ಸೆಮಿಸ್ಟರಿನ ಅಂಕಗಳು ಬಂದಾಗ ನನ್ನ ಹೆಸರು ಪಟ್ಟಿಯ ತಳದಲ್ಲಿ ಆರಾಮಾಗಿ ಮಲಗಿತ್ತು. ಕೊನೆಯದರಲ್ಲೂ ಹೀಗೇ ಆದರೆ ಬರುವ ವರ್ಷ ಕಿರಿಯರ ಜೊತೆ ಕೂತು ಇದೇ ಸ್ಟುಡಿಯೋವನ್ನು ಮೊದಲಿನಿಂದ ಮಾಡಬೇಕು ಎಂದರು ಮೇಷ್ಟ್ರು. ಅಂದು ನೆಲಕ್ಕೆ ಇಳಿದೆ. ಒಂದು ಕೋಣೆ, ಒಂದು ಕಿಟಕಿ, ಕಿಟಕಿಗೆ ಅಂಟಿದ ಕಟ್ಟೆ, ಅವಳ ಹೊಲಿಗೆ ಡಬ್ಬಿಗೆ ಗೋಡೆಯಲ್ಲೊಂದು ಗೂಡು. ಮೇಷ್ಟ್ರು ‘ಪರವಾಗಿಲ್ಲ’ ಎಂದರು. ಆ ಮಾತನ್ನು ತಾರೀಖಿನ ಸಮೇತ ಬರೆದಿಟ್ಟುಕೊಂಡೆ.

ನನ್ನ ಪಕ್ಕದ ಮೇಜಿನವಳನ್ನು ನಾವು ಕರೆಯುವುದು ಟೇಪಮ್ಮ ಎಂದೇ. ಅಳತೆಯ ಟೇಪು ಅವಳ ಸೊಂಟ ಬಿಟ್ಟು ಇಳಿದದ್ದನ್ನು ಕಂಡವರಿಲ್ಲ. ಅವಳು ಆರಿಸಿಕೊಂಡದ್ದು ದರ್ಜಿ ಕೆಲಸದ ಸೋದರಮಾವನನ್ನು. ಒಂದಿಡೀ ಭಾನುವಾರ ಅವರ ಮೊಣಕೈ, ಮಂಡಿ, ಆಕಳಿಸಿದಾಗ ಚಾಚಿದ ತೋಳು, ಒಂದನ್ನೂ ಬಿಡದೆ ಅಳೆದಳು. ಅಂಗಿ ಯಾವಾಗ ಸಿಗುತ್ತದೆ ಎಂದು ಮಾವ ಕೇಳಿದರಂತೆ. ನನಗೂ ಟೇಪು ಕೊಡಲು ಬಂದಳು. ಅಜ್ಜಿ ನನಗೆ ಬಾಯಿಪಾಠ ಎಂದು ಹೇಳಿ, ಕಣ್ಣು ಮುಚ್ಚಿ ಅವಳನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಕಟ್ಟೆಗೆ ಇಪ್ಪತ್ತೆರಡು ಇಂಚು ಎತ್ತರ, ಗೂಡಿಗೆ ಆರು ಅಡಿ ಎಂದು ಬರೆದೆ.

ಕೊನೆಯ ದಿನ ಅಜ್ಜಿ ಅಚ್ಚುಕಟ್ಟಾಗಿ ತಲೆ ಬಾಚಿಕೊಂಡು ಬಂದಳು. ರಟ್ಟಿನ ಬಾಗಿಲಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಕಟ್ಟೆಯ ಮುಂದೆ ನಿಂತು ಯೋಚಿಸಿದಳು. ಆಮೇಲೆ ಬೆನ್ನು ತಿರುಗಿಸಿ, ಎರಡು ಕೈ ಊರಿ, ಒಂದು ಸಣ್ಣ ಕುಪ್ಪಳಿಕೆ ಹಾಕಿದಳು. ಕೂತಳು. ಕಾಲು ಎರಡೂ ನೆಲ ಬಿಟ್ಟು ತೂಗಾಡಿದವು. ಕಿಟಕಿಯತ್ತ ಕತ್ತು ತಿರುಗಿಸಿದರೆ ಅದರ ಕೆಳಗಿನ ಅಂಚು ಅವಳ ಹುಬ್ಬಿಗೆ ಬಂದಿತ್ತು. ಇಳಿದು ಗೂಡಿನತ್ತ ಕೈ ಚಾಚಿದಳು. ಬೆರಳಿಗೂ ಡಬ್ಬಿಗೂ ನಡುವೆ ಒಂದು ಗೇಣು ಉಳಿಯಿತು.

ಆಗ ನನ್ನ ಮುಖ ನೋಡಿದಳು. ಮತ್ತೆ ಕುಪ್ಪಳಿಸಿ ಕೂತುಬಿಟ್ಟಳು.

“ಬಹಳ ಚೆನ್ನಾಗಿದೆ ಮೇಷ್ಟ್ರೇ. ಕಾಲು ಆಡಿಸ್ತಾ ಕೂತ್ಕೊಳ್ಳೋದು ಅಂದ್ರೆ ನಂಗೆ ಮೊದಲಿಂದ್ಲೂ ಇಷ್ಟ.”

“ಡಬ್ಬಿ ಬೇಕಾದ್ರೆ ಏನ್ ಮಾಡ್ತೀರಿ ಅಜ್ಜಿ?”

“ಬೇಡ ಅಂದ್ಕೋತೀನಿ. ಈ ವಯಸ್ಸಲ್ಲಿ ಆಸೆ ಕಮ್ಮಿ ಇರ್ಬೇಕು.”

ಕಿಟಕಿಯಿಂದ ಏನು ಕಾಣುತ್ತದೆ ಎಂದು ಕೇಳಿದರೆ, ಆಕಾಶ, ಇನ್ನೇನು ಬೇಕು ಎಂದಳು. ಕಥೆ ಹೇಳುವಾಗಲೂ ಅವಳು ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದಿಲ್ಲ.

ಮೇಷ್ಟ್ರು ಪೆನ್ನು ತೆರೆದು ನನ್ನತ್ತ ತಿರುಗಿದರು.

“ಬೇಕಂತಲೇ ಎತ್ತರ ಮಾಡಿದ್ಯಾ? ಏನಾದ್ರೂ ಯೋಚನೆ ಇತ್ತಾ ಇದರ ಹಿಂದೆ?”

ದಾರಿ ತೆರೆದೇ ಇತ್ತು. ಮುದುಕಿಯೊಬ್ಬಳು ಕೋಣೆಯೊಂದನ್ನು ಹೊಕ್ಕು ಮತ್ತೆ ಮಗುವಾಗುವ ಕಥೆ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿದ್ದರೆ ಪಾಸಾಗುತ್ತಿದ್ದೆನೋ ಏನೋ. ಆದರೆ ಅಜ್ಜಿಯ ಬಲಗಾಲಿನ ಹೆಬ್ಬೆರಳು, ಯಾರೂ ನೋಡುತ್ತಿಲ್ಲ ಎಂದುಕೊಂಡು, ನೆಲ ಎಲ್ಲಿದೆ ಎಂದು ಗಾಳಿಯಲ್ಲಿ ತಡಕುತ್ತಿತ್ತು.

“ಇಲ್ಲ ಸರ್,” ಎಂದೆ. “ನಾನು ಅಳತೆ ತೆಗೆದೇ ಇಲ್ಲ. ನಂಗೆ ಆರು ವರ್ಷ ಇದ್ದಾಗ ಅಜ್ಜಿ ಎಷ್ಟೆತ್ತರ ಕಾಣ್ತಿದ್ಲೋ, ಅಷ್ಟಕ್ಕೆ ಕಟ್ಟಿದೀನಿ.”

ಮನೆಯಲ್ಲಿ ಕಪಾಟಿನಿಂದ ಅದೇ ಡಬ್ಬಿಯನ್ನು ಅಜ್ಜಿಗೆ ದಿನವೂ ಇಳಿಸಿಕೊಡುವವಳು ನಾನೇ ಎಂಬುದನ್ನೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಅಜ್ಜಿ ಮಾತ್ರ, ಇವಳಿಗೆ ಬುದ್ಧಿ ಯಾವಾಗ ಬರುತ್ತದೋ ಎನ್ನುವ ಹಾಗೆ ಹಣೆ ಚಚ್ಚಿಕೊಂಡಳು.

ಮೇಷ್ಟ್ರು ಪೆನ್ನು ಮುಚ್ಚಿದರು. ಅಂಕದ ಜಾಗ ಸೋಮವಾರದವರೆಗೆ ಖಾಲಿ ಇರುತ್ತದೆ, ಆಮೇಲೆ ಇರುವುದಿಲ್ಲ, ಮತ್ತೆ ಕಟ್ಟುವುದಾದರೆ ಅಷ್ಟರೊಳಗೆ ಕಟ್ಟು ಎಂದು ಹೇಳಿ, ಟೇಪಮ್ಮನ ಮಾವನ ಕೋಣೆಯತ್ತ ಕುರ್ಚಿ ಎಳೆದುಕೊಂಡು ಹೋದರು.

ಟೇಪಮ್ಮ ಸೊಂಟದ ಟೇಪು ಬಿಚ್ಚಿ ನನ್ನ ಕೈಗಿಟ್ಟಳು. ನಾನು ಅಜ್ಜಿಯನ್ನು ಕೈ ಹಿಡಿದು ಇಳಿಸಿ, ರಟ್ಟಿನ ಗೋಡೆಗೆ ಆನಿಸಿ ನಿಲ್ಲಿಸಿ, ಟೇಪನ್ನು ಅವಳ ತಲೆಯಿಂದ ಪಾದದವರೆಗೆ ಇಳಿಬಿಟ್ಟೆ. ಲೆಕ್ಕ ಎಲ್ಲೋ ಎಡವುತ್ತಿತ್ತು, ಅವಳು ಇರುವುದಕ್ಕಿಂತ ಎತ್ತರ ಬರುತ್ತಿದ್ದಳು. ಬಗ್ಗಿ ನೋಡಿದೆ.

“ಹಿಮ್ಮಡಿ ಇಳಿಸು ಅಜ್ಜಿ.”

“ನಾನು ನಿಂತ್ಕೊಳ್ಳೋದೇ ಹೀಗೆ,” ಎಂದಳು, ಎದುರಿನ ಗೋಡೆ ನೋಡುತ್ತಾ.

ಇಳಿಸು ಎಂದೆ ಮತ್ತೆ. ಅರ್ಧ ಇಂಚು ಇಳಿಸಿದಳು. ನಾನು ಕಾದೆ.