ಒತ್ತದೆ ಉಳಿದ ಗುಂಡಿ

ಟಪಟಪ ಟಪಟಪ, ಗೋವಾದ ಮಡ್ಕಯಿಯ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಮುಚ್ಚಳ ಬಡಿಯುವ ಯಂತ್ರದ ಸದ್ದೇ ಇದು, ಆದರೆ ಬರುತ್ತಿರುವುದು ಹೊಟ್ಟೆಗೆ ಬಿಗಿದ ಪಟ್ಟಿಯಿಂದ, ಕೂಸಿನ ಎದೆಬಡಿತವಂತೆ — ಆಸ್ಪತ್ರೆಯ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ್ದ ಹುಲಿಗೆಮ್ಮ ಉಸಿರನ್ನು ಸಣ್ಣಗೆ ಬಿಟ್ಟಳು, ಜೋರಾಗಿ ಬಿಟ್ಟರೆ ಸದ್ದು ತಪ್ಪೀತೆಂಬಂತೆ. ಕೈಯಲ್ಲಿ ವಯರಿನ ತುದಿಗೊಂದು ಗುಂಡಿ, ಸಿಸ್ಟರ್ ಕೊಟ್ಟು ಹೋದದ್ದು, ಬಚ್ಚಾ ಹಿಲೇಗಾ ತೋ ಯೇ ದಬಾನೇ ಕಾ, ಸಮಝೀ? ತಿಳಿಯಿತು, ಕೂಸು ಮಿಸುಕಿದರೆ ಒತ್ತಬೇಕು, ಅಷ್ಟೇ, ಆದರೆ ಮಿಸುಕಬೇಕಲ್ಲ. ಬೆಳಿಗ್ಗೆ ಚಹಾ ಕುಡಿದಾಗ ಮಿಸುಕಿತ್ತೇ, ಇಲ್ಲಾ ಅದು ಬರೀ ಹೊಟ್ಟೆಯ ಗುಡುಗುಡುವೇ, ನಿನ್ನೆ ಸಂಜೆಯಂತೂ ಖಂಡಿತ, ಗಂಡ ಭೀಮಶಿ ಕೆಲಸದಿಂದ ಬಂದು ಗಂಬೂಟು ಕಳಚುತ್ತಿದ್ದಾಗ ಬಲಗಡೆ ಒಮ್ಮೆ ಒದ್ದಂತಾಗಿತ್ತು — ಅದು ಮೊನ್ನೆಯೋ? ಈಗ ಮಿಸುಕು, ಈಗ, ನಿನ್ನ ಕಾಲಿಗೆ ಬೀಳ್ತೀನಿ, ಈಗ. ದವಾಖಾನೆಯ ನರ್ಸಬಾಯಿ ಟೇಪು ಹಿಡಿದು ಹೊಟ್ಟೆ ಅಳೆದಿದ್ದಳು, ಮುಖ ಸಣ್ಣದು ಮಾಡಿ ಮತ್ತೆ ಅಳೆದಿದ್ದಳು, ಹೋದ ಸಲ ಎಷ್ಟಿತ್ತೋ ಅಷ್ಟೇ, ಬೆಳೆದಿಲ್ಲ, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗು. ಲಂಗದ ಲಾಡಿಯ ಗಂಟೂ ಎಷ್ಟೋ ದಿನದಿಂದ ಅದೇ ಜಾಗಕ್ಕೆ ಬೀಳುತ್ತಿತ್ತು, ಅತ್ತೆ ಸುಂದರವ್ವ ಅದನ್ನು ನೋಡಿ ಹಿಗ್ಗಿದ್ದಳು, ಸಣ್ಣ ಹೊಟ್ಟಿ ಚಲೋ ಆತು ಬಿಡ, ಸಲೀಸ ಹಡಿತಿ. ಸ್ಕ್ಯಾನ್ ಮಾಡಿದ ಡಾಕ್ಟರು ಏನೇನೋ ಹಿಂದಿಯಲ್ಲಿ ಹೇಳಿದರು, ಹೊಕ್ಕುಳಬಳ್ಳಿ, ರಕ್ತ, ಕಮ್ಮಿ — ಭೀಮಶಿ ಅವಳ ಕಡೆ ತಿರುಗಿ, ಕಣ್ಣು ಮಾತ್ರ ತಿರುಗಿಸದೆ ಅಂದ, ಒಳಗ ಅದರ ಹೊಟ್ಟಿ ತುಂಬವಲ್ದಂತ.

ತಾನು ಎರಡು ಹೊತ್ತು ರೊಟ್ಟಿ ತಿಂದಿದ್ದಾಳೆ, ಮೀನಿನ ಸಾರು ಕುಡಿದಿದ್ದಾಳೆ, ಒಳಗೆ ಮಾತ್ರ ಅದು ಉಪವಾಸ. ಒತ್ತ, ಒತ್ತ — ಪಕ್ಕದ ಸ್ಟೂಲಿನಿಂದ ಸುಂದರವ್ವನ ಪಿಸುಮಾತು, ಸುಳ್ಳ ಸುಳ್ಳ ಒತ್ತಿಬಿಡ ಹುಲಿಗಿ, ಮನಿಗೆ ಕಳಸ್ತಾರ, ಇಲ್ಲಂದ್ರ ಕೊಯ್ತಾರ, ದಿನಾ ತುಂಬದ ಕೂಸು ತಗದು ಏನ್ ಮಾಡೂದವ್ವಾ, ಉಳೀತೈತೇನು? ಕೆಟ್ಟವಳಲ್ಲ ಅತ್ತೆ, ಹೆದರಿದ್ದಾಳೆ, ಮೊದಲ ಕೂಸನ್ನು ಊರಲ್ಲಿ ಬರಿಗೈಯಲ್ಲಿ ಹಿಡಿದವಳು ಅವಳೇ. ಆಗಲೂ ಹೀಗೇ ಹೊಟ್ಟೆಯೊಳಗೆ ಸದ್ದಡಗಿತ್ತು, ಹಡಿಯೂ ಮುಂದ ಕೂಸು ಸುಮ್ಮ ಆಗತೈತಿ ಎಂದು ಓಣಿಯವರೆಲ್ಲ ಅಂದರು, ಇವಳೂ ಸುಮ್ಮನಾದಳು, ಮರುದಿನ ಹುಟ್ಟಿತು, ಅಳಲಿಲ್ಲ, ರೆಪ್ಪೆಗೂದಲು ಎಷ್ಟುದ್ದ ಇದ್ದವು. ಮೀಯಿಸಿದ್ದಳು ಸುಂದರವ್ವ, ನೀರು ಬಿಸಿ ಹೆಚ್ಚಾಯಿತೇ ಎಂದು ಮೊಣಕೈ ಅದ್ದಿ ನೋಡಿದ್ದಳು, ಉಸಿರಿಲ್ಲದ ಕೂಸಿಗೆ. ಹೆಬ್ಬೆರಳು ಗುಂಡಿಯ ಮೇಲಿದೆ, ಒತ್ತಿದರೆ ಕಾಗದದ ಮೇಲೊಂದು ಗೆರೆ, ಆಮೇಲೆ ಬಸ್ಸು, ಮನೆ, ಒಲೆ, ನಾಳೆ — ಟಪಟಪ, ಟಪ, ಟಪ — ಯಾಕೆ ನಿಧಾನವಾಯಿತು, ಯಾಕೆ — ಟಪ — ಮತ್ತೆ ಹಿಡಿಯಿತು, ಟಪಟಪ. ಹೆಬ್ಬೆರಳು ತೆಗೆದಳು. ಸಿಸ್ಟರ್, ನಹೀ ಹಿಲ್ತಾ, ಸುಬಹ್ ಸೇ ನಹೀ ಹಿಲ್ತಾ! ಬೆಳಿಗ್ಗೆಯಿಂದ ಮಿಸುಕಿಲ್ಲ ಎಂದು ಕೂಗಿದ ಇಷ್ಟು ದೊಡ್ಡ ದನಿ ತನ್ನದೇ ಎಂದು ಅವಳಿಗೇ ಗಾಬರಿ. ಸಿಸ್ಟರ್ ಓಡಿ ಬಂದು ಕಾಗದ ಎತ್ತಿ ನೋಡಿದಳು, ಡಾಕ್ಟರು ಬಂದರು, ಇನ್ನು ಕಾಯುವಂತಿಲ್ಲ ಎಂದರು, ಯಾರೋ ಬಳೆ ತೆಗೆಯಿರಿ ಎಂದರು, ಸುಂದರವ್ವ ಬೈಯುತ್ತಾಳೆ, ಈಗ ಬೈಯುತ್ತಾಳೆ — ಬೈಯಲಿಲ್ಲ, ಒಂದೂ ಒಡೆಯದಂತೆ ಬಳೆ ಕಳಚಿದಳು, ಮುಷ್ಟಿಯಲ್ಲಿ ಹಿಡಿದಳು, ಹೋಗವ್ವಾ, ಕೂಸಿನ್ನ ಕರಕೊಂಡು ಬಾ.

ದೀಪಗಳು, ಚಳಿ, ಸೊಂಟದ ಕೆಳಗೆ ತನ್ನದೆನ್ನುವುದು ಏನೂ ಇಲ್ಲ, ಹಸಿರು ಬಟ್ಟೆಯಾಚೆ ಯಾರೋ ಯಾರನ್ನೋ ಎಳೆಯುತ್ತಿದ್ದಾರೆ, ಆಮೇಲೆ ಸದ್ದಿಲ್ಲ, ಮತ್ತೆ ಅದೇ ಮೌನ, ರೆಪ್ಪೆಗೂದಲು, ಬಿಸಿನೀರು, ಬೇಡ — ಎಣ್ಣೆ ಕಾಣದ ಬಾಗಿಲು ಕಿರ್ರೆಂದಂತೆ ಒಂದು ಅಳು. ಇಷ್ಟೇ ಇಷ್ಟು. ಇದು ಅಳುವೇ? ಅಳುವೇ ಹೌದು, ಮಗಳು, ಸಿಸ್ಟರ್ ನಗುತ್ತಾಳೆ. ಮರುದಿನ ಗಾಲಿಕುರ್ಚಿಯಲ್ಲಿ ಕೂರಿಸಿ ಭೀಮಶಿ ತಳ್ಳಿಕೊಂಡು ಬಂದ, ಹೊಲಿಗೆ ಚುರುಗುಟ್ಟುತ್ತದೆ, ಗಾಜಿನ ಪೆಟ್ಟಿಗೆಯ ಮುಂದೆ ಡಾಕ್ಟರು ನಿಂತಿದ್ದಾರೆ, ಎರಡು ಕಿಲೋ ಕೂಡ ಇಲ್ಲ, ಆದರೆ ತಾನಾಗೇ ಉಸಿರಾಡುತ್ತಿದ್ದಾಳೆ, ಇನ್ನೂ ಕೆಲ ದಿನ ಇಲ್ಲೇ ಇರಲಿ, ನಿನ್ನೆ ಮನೆಗೆ ಹೋಗಿದ್ದರೆ — ಉಳೀತಾಳ ಹೌದಿಲ್ರಿ, ಭೀಮಶಿ ಕನ್ನಡದಲ್ಲೇ ಕೇಳಿಬಿಟ್ಟ, ಅವರು ತಲೆಯಾಡಿಸಿದರು, ಹೌದೆಂದೋ ನೋಡೋಣವೆಂದೋ. ಹುಲಿಗೆಮ್ಮ ಗಾಜಿಗೆ ಹಣೆ ಹಚ್ಚಿದಳು, ಪಕ್ಕೆಲುಬಿನ ಕೆಳಗೆ ಅಂಗೈಯಗಲವೂ ಇಲ್ಲದ ತೊಗಲು, ಅಲ್ಲೊಂದು ಕುಳಿ, ತಗ್ಗುತ್ತದೆ, ಏಳುತ್ತದೆ, ಹಾಲು ಬಂತೇನ ಅಂತ ಅತ್ತೆ ಹಿಂದಿನಿಂದ ಕೇಳುತ್ತಿದ್ದಾಳೆ, ತಗ್ಗುತ್ತದೆ, ಏಳುತ್ತದೆ, ಕಣ್ಣು ಮಿಟುಕಿಸಬಾರದು, ತಗ್ಗಿತು — ಈಗ? — ಎದ್ದಿತು, ಆ ಕುಳಿ, ತಗ್ಗಿತು —

ಎದ್ದಿತು.