ಎಡಗೈ ಚೀಟಿಗಳು

ಇಪ್ಪತ್ತಾರು ವರ್ಷ ಅಂಗಡಿಗಳ ಬೋರ್ಡು ಬರೆದ ಬಲಗೈ ಒಂದು ಬೆಳಿಗ್ಗೆ ಹತ್ತೂಕಾಲಿಗೆ ಕೆಲಸ ನಿಲ್ಲಿಸಿತು. ಔಷಧಿ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಡಬ್ಬಿಯಲ್ಲಿ ನೀಲಿ ಬಣ್ಣ ಕಲೆಸುತ್ತಿದ್ದ ಪೇಂಟರ್, ಕೋಲು ಬೆರಳಿಂದ ಜಾರಿತೆಂದು ಬಗ್ಗಿದವನು ಮತ್ತೆ ಏಳಲಿಲ್ಲ. ಪುಣ್ಯಕ್ಕೆ ಅವನು ಇನ್ನೂ ಏಣಿ ಹತ್ತಿರಲಿಲ್ಲ. ಇನ್ನೊಂದು ಪುಣ್ಯವೆಂದರೆ, ಅಂಗಡಿಯವನು ವಾರೆಯಾದ ಬಾಯಿ ನೋಡಿದ್ದೇ ತಡಮಾಡದೆ ಆಸ್ಪತ್ರೆಗೆ ಸಾಗಿಸಿದ. ಈ ಎರಡು ಪುಣ್ಯಗಳನ್ನು ಲೆಕ್ಕ ಹಾಕಿದವಳು ಅವನ ತಾಯಿ. ಪೇಂಟರನಿಗೆ ಅವುಗಳಲ್ಲಿ ಒಂದೂ ಕಾಣಿಸಲಿಲ್ಲ. ಜೀವ ಉಳಿಯಿತು, ಮಾತು ತೊದಲುತ್ತ ತಿರುಗಿ ಬಂತು, ಬಲಗಾಲು ಎಳೆದುಕೊಂಡಾದರೂ ನಡೆಯಿತು. ಬಲಗೈ ಮಾತ್ರ, ಯಾರೋ ಹೆಗಲಿಗೆ ತಗುಲಿಹಾಕಿ ಮರೆತುಹೋದ ಚೀಲದ ಹಾಗೆ ನೇತಾಡುತ್ತಿತ್ತು.

ಮನೆಯಲ್ಲಿ ಇದ್ದವರು ತಾಯಿ ಮಗ ಇಬ್ಬರೇ. ಮದುವೆಯ ಮಾತು ಬಂದಾಗಲೆಲ್ಲ ‘ಈ ಬೋರ್ಡೊಂದು ಒಣಗಲಿ’ ಎನ್ನುತ್ತ ಪೇಂಟರ್ ನಲವತ್ತೆಂಟು ದಾಟಿಸಿದ್ದ. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ನಲ್ಲಿ ಇದ್ದದ್ದು ಕೆಳಗೆ ಅಂಗಳದಲ್ಲಿ, ನಲವತ್ತೆಂಟು ಮೆಟ್ಟಿಲು ಇಳಿದು.

ತಾಯಿಗೆ ಎಪ್ಪತ್ತೊಂದು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬೆಳಿಗ್ಗೆ ಎದ್ದು ಕಿಟಕಿಯ ಹತ್ತಿರ ನಿಂತು, ಪಕ್ಕದ ಮನೆಯವರಿಗೆ ಸುದ್ದಿ ಹೇಳುವ ಹಾಗೆ ದೇವರಿಗೆ ಸುದ್ದಿ ಹೇಳುತ್ತಿದ್ದಳು. ಎದ್ದೆನಪ್ಪ, ಮಗನೂ ಎದ್ದಿದ್ದಾನೆ, ಒಲೆ ಹತ್ತಿಕೊಂಡಿದೆ, ಸಂತೋಷ. ಅಷ್ಟೇ ಅವಳ ಪ್ರಾರ್ಥನೆ. ಬೇಡುವ ಅಭ್ಯಾಸ ಅವಳಿಗೆ ಇರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೂ ಇದೇ ವರದಿ ಕೇಳಿಸಿದಾಗ ಮಗ ಮುಸುಕೆಳೆದುಕೊಂಡು ಗೋಡೆಯ ಕಡೆ ತಿರುಗಿದ.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂಬುದು ಅವಳಿಗೆ ಗೊತ್ತಿತ್ತು. ಬೀದಿಯ ಮೂಲೆಯ ದರ್ಜಿಯ ಹತ್ತಿರ ಹೋಗಿ, ಗುಂಡಿ ಹಾಕುವ ಕೆಲಸ ಕೊಡಿ ಎಂದು ಕೇಳಿದಳು. ಆ ಬೀದಿಯವರೆಲ್ಲ ಅವನನ್ನು ಮಾಸ್ಟರು ಎಂದೇ ಕರೆಯುತ್ತಿದ್ದರು. ಗಂಟುಮೋರೆಯ ಮನುಷ್ಯ, ಮಾತಿಗೆ ಬಲು ಜಿಪುಣ. ಅವನು ಅವಳ ಬೆರಳು ನೋಡಿ, ಕನ್ನಡಕ ನೋಡಿ, ಆರು ಅಂಗಿ ಕಟ್ಟಿಕೊಟ್ಟ. ಅಂದಿನಿಂದ ದಿನವೂ ಆರು.

ಆಸ್ಪತ್ರೆಯಲ್ಲಿ ಕೈಕಾಲಿಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಒಬ್ಬಳಿದ್ದಳು. ವಾರಕ್ಕೊಮ್ಮೆ ಕೆಳಗಿನ ಸೈಕಲ್ ಅಂಗಡಿಯವನೂ ಅವನ ತಮ್ಮನೂ ಪೇಂಟರನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿ, ಅವಳ ಹತ್ತಿರ ಕರೆದೊಯ್ಯುತ್ತಿದ್ದರು. ಬಲಗೈ ಬರುವಾಗ ಬರಲಿ, ಅಲ್ಲಿಯವರೆಗೆ ಎಡಗೈ ಪಳಗಿಸಿ, ದಿನಾ ನಾಲ್ಕು ಸಾಲು ಬರೆಯಿರಿ ಎಂದಳು ಅವಳು. ಏನು ಬರೆಯಲಿ ಎಂದು ಪೇಂಟರ್ ಸಿಡುಕಿದ. ಅದಕ್ಕೆ ಉತ್ತರ ಕೊಟ್ಟವಳು ತಾಯಿ. ದಿನದಲ್ಲಿ ಯಾರಾದರೂ ನಮಗೊಂದು ಒಳ್ಳೆಯದು ಮಾಡೇ ಮಾಡುತ್ತಾರೆ, ಅದನ್ನು ಬರೆ, ನಾನು ಹೇಳುತ್ತೇನೆ ಎಂದಳು.

ಹೀಗೆ ಶುರುವಾಯಿತು ಚೀಟಿಯ ಕೆಲಸ. ಸಂಜೆ ಐದಕ್ಕೆ ತಾಯಿ ಅಂಗಿ ಬದಿಗಿಟ್ಟು ಹೇಳುವಳು: ಸೈಕಲ್ ಅಂಗಡಿಯವನು ಎರಡು ಕೊಡ ನೀರು ತಂದಿಟ್ಟ, ಅವನ ಹೊಟ್ಟೆ ತಣ್ಣಗಿರಲಿ ಅಂತ ಬರಿ. ಮಗ ಹಲ್ಲು ಕಚ್ಚಿ, ಎಡಗೈಯಲ್ಲಿ ಪೆನ್ಸಿಲು ಹಿಡಿದು ಬರೆಯುವನು. ಬೋರ್ಡಿನ ಮೇಲೆ ದಾರ ಹಿಡಿದಂತೆ ಅಕ್ಷರ ಇಳಿಸುತ್ತಿದ್ದವನಿಗೆ, ಕಾಗದದ ಮೇಲೆ ಕುಡಿದವರಂತೆ ತೂರಾಡುವ ತನ್ನ ಅಕ್ಷರ ನೋಡಿದರೆ ಹೊಟ್ಟೆಯಲ್ಲಿ ಬೆಂಕಿ ಏಳುತ್ತಿತ್ತು. ಎರಡನೇ ದಿನಕ್ಕೇ ಆ ಬೆಂಕಿಗೆ ಒಂದು ದಾರಿ ಸಿಕ್ಕಿತು. ತಾಯಿಗೆ ಓದಲು ಬಾರದು. ಅವಳು ಹೇಳಿದ್ದನ್ನೇ ಏಕೆ ಬರೆಯಬೇಕು?

‘ಸೈಕಲ್ ಅಂಗಡಿಯವನು ಎರಡು ಕೊಡ ತಂದ, ಒಂದು ಕೊಡ ಮೆಟ್ಟಿಲಿಗೇ ಕುಡಿಸಿದ’ ಎಂದು ಬರೆದ. ಹಾಲು ತರುವವಳು ಮಳೆಯಲ್ಲಿ ನೆನೆದುಕೊಂಡು ಮೂರು ಮಹಡಿ ಹತ್ತಿ ಬಂದ ದಿನ, ‘ಇವತ್ತು ಹಾಲಿಗೆ ನೀರು ಬೆರೆಸುವ ಕಷ್ಟ ಆಕಾಶವೇ ತಪ್ಪಿಸಿತು’ ಎಂದು ಬರೆದ. ಕುರ್ಚಿ ಹೊತ್ತ ಅಣ್ಣತಮ್ಮಂದಿರ ಬಗ್ಗೆ, ‘ಹೆಣ ಹೊರುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ’ ಎಂದ. ಮಾಸ್ಟರು ಯಂತ್ರದಲ್ಲಿ ಮಾಡಿಸಬಹುದಾದ ಕೆಲಸವನ್ನು ನನ್ನ ಕೈಗೆ ಕೊಡುತ್ತಾನೆ, ದೊಡ್ಡ ಮನಸ್ಸು ಎಂದು ತಾಯಿ ಹೇಳಿದ ಸಂಜೆ, ಅವಳು ದೀಪದ ಬುಡದಲ್ಲಿ ಕಣ್ಣು ಕಿರಿದು ಮಾಡಿ ಸೂಜಿ ಪೋಣಿಸುವುದನ್ನು ನೋಡಿ, ‘ಮುದುಕಿಯ ಕಣ್ಣು ಕಿತ್ತು ಅಂಗಿಗೆ ಗುಂಡಿ ಮಾಡಿಕೊಳ್ಳುವವನು ಮಾಸ್ಟರು’ ಎಂದು ಗೀಚಿದ. ಮತ್ತೊಂದು ದಿನ, ದೇವರು ನಿನ್ನ ಉಳಿಸಿಕೊಟ್ಟ ಅಂತ ಬರಿ ಎಂದಳು. ‘ದೇವರಿಗೆ ಕಣ್ಣಿಲ್ಲ’ ಎಂದು ಬರೆದ. ಬರೆದದ್ದೇನು ಎಂದು ಅವಳು ಕೇಳಿದರೆ, ಅವಳು ಹೇಳಿದ್ದನ್ನೇ ಒಪ್ಪಿಸುತ್ತಿದ್ದ.

ಅವಳು ಹಿಗ್ಗಿಹೋಗುತ್ತಿದ್ದಳು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚದ ಹಾಗೆ ಎರಡು ಹೊಲಿಗೆ ಹಾಕಿ ಇಡುವಳು. ಕೆಲವಕ್ಕೆ ಬಿಳಿ ದಾರ, ಕೆಲವಕ್ಕೆ ಕಪ್ಪು. ಒಂದಕ್ಕೆ ಹೊಳೆಯುವ ಗುಂಡಿಯೊಂದನ್ನೇ ಹೊಲಿದಿದ್ದಳು. ಮುದುಕಿಗೆ ಕೈ ಸುಮ್ಮನಿರದು ಎಂದುಕೊಂಡ ಮಗ.

ವಿಚಿತ್ರವೆಂದರೆ, ಎಡಗೈ ಪಳಗತೊಡಗಿತು. ಬೈಗುಳಕ್ಕೆ ಸರಿಯಾದ ಪದ ಹುಡುಕುತ್ತ ಒಂದು ಸಾಲು ಎರಡಾಯಿತು, ಎರಡು ನಾಲ್ಕಾಯಿತು. ಡಾಕ್ಟರಮ್ಮ ಬೆರಳು ಒತ್ತಿ ನೋಡಿ, ಮನಸ್ಸಿಟ್ಟು ಬರೆಯುತ್ತಿದ್ದೀರಿ ಎಂದು ಹೊಗಳಿದಳು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ತಾಯಿ ದರ್ಜಿ ಅಂಗಡಿಯಿಂದ ಬರಿಗೈಯಲ್ಲಿ ಬಂದಳು. ಮರುದಿನವೂ ಹಾಗೇ. ಹೀಗೇ ಒಂದು ವಾರ ಕಳೆದ ಮೇಲೆ ಮಾಸ್ಟರು, ಇನ್ನು ಕೆಲಸ ಇಲ್ಲಮ್ಮ ಎಂದನಂತೆ, ಮುಖ ಕೊಟ್ಟು ಮಾತೂ ಆಡಲಿಲ್ಲವಂತೆ. ಅವಳು ಹೊಸಿಲ ಹತ್ತಿರ ಕೂತು ಯೋಚಿಸಿದಳು.

“ನನ್ನ ಹೊಲಿಗೆ ಸಡಿಲ ಆಯ್ತೇನೋ. ಕೋಪ ಮಾಡ್ಕೊಳ್ಳೋ ಮನುಷ್ಯ ಅಲ್ಲ ಅವನು. ಅದೂ ಚೀಟಿ ಕೊಟ್ಟ ಮಾರನೇ ದಿನದಿಂದಲೇ ಹೀಗೆ.”

“ಯಾವ ಚೀಟಿ?”

“ನೀನು ಬರೆದಿದ್ದು. ಗುಂಡಿ ಹೊಲಿದಿದ್ನಲ್ಲ, ಅದು ಮಾಸ್ಟರದು. ಬಿಳಿ ದಾರ ಹಾಲಿನವಳದು. ಕಪ್ಪು ದಾರ ಸೈಕಲ್ ಅಂಗಡಿಯವನದು. ಕಳೆದ ವಾರ ಎಲ್ಲಾರಿಗೂ ಅವರವರದು ಕೊಟ್ಟು ಬಂದೆ. ಒಳ್ಳೇದು ಮಾಡಿದವರಿಗೆ ಗೊತ್ತಾಗದೆ ನಮ್ಮನೇಲಿ ಮಡಚಿಟ್ಕೊಂಡ್ರೆ ಏನು ಬಂತು?”

ಎಲ್ಲರೂ ಏನಂದರು ಎಂದು ಕೇಳುವ ಧೈರ್ಯ ಪೇಂಟರನಿಗೆ ಬರಲಿಲ್ಲ. ಅವಳೇ ಹೇಳಿದಳು. ಹಾಲಿನವಳು ಓದಿ, ಮತ್ತೊಮ್ಮೆ ಓದಿ, ನಿಮ್ಮ ಮಗ ಬಹಳ ಚೆನ್ನಾಗಿ ಬರೆದಿದ್ದಾರಜ್ಜಿ ಎಂದಳಂತೆ. ಸೈಕಲ್ ಅಂಗಡಿಯವನು ಎರಡು ಚೀಟಿಯನ್ನೂ ಓದಿ, ತಮ್ಮನಿಗೂ ತೋರಿಸಿ, ಜೋಪಾನವಾಗಿ ಜೇಬಿನಲ್ಲಿ ಇಟ್ಟುಕೊಂಡನಂತೆ.

ಒಂದು ವಾರ. ಈ ಒಂದು ವಾರದಲ್ಲಿ ಹಾಲು ಒಂದು ದಿನವೂ ತಪ್ಪಿರಲಿಲ್ಲ. ಕುರ್ಚಿ ಹೊರುವವರು ಬಂದು ಹೊತ್ತಿದ್ದರು. ಪೇಂಟರ್ ಇದನ್ನು ಯೋಚಿಸುತ್ತ ಕೂತಿದ್ದಾಗಲೇ ಸೈಕಲ್ ಅಂಗಡಿಯವನು ಎರಡು ಕೊಡ ಹಿಡಿದು ಬಾಗಿಲಲ್ಲಿ ನಿಂತ. ಉಸಿರು ಬಿಗಿಹಿಡಿದು, ಮೊಟ್ಟೆ ಇಡುವ ಹಾಗೆ ಒಂದೊಂದನ್ನೇ ಇಳಿಸಿದ. ತಾಯಿ ಒಳಗೆ ಹೋದದ್ದನ್ನು ನೋಡಿಕೊಂಡು ಮೆಲ್ಲಗೆ ಹೇಳಿದ:

“ಅಣ್ಣ, ಒಂದು ವಾರದಿಂದ ಒಂದು ತೊಟ್ಟೂ ಚೆಲ್ಲಿಲ್ಲ. ಬೇಕಾದ್ರೆ ಮೆಟ್ಟಿಲು ನೋಡ್ಕೊಂಡು ಬಾ. ಇದನ್ನೂ ಬರ್ಕೋ.”

ಪೇಂಟರನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ವಾರೆಯಾದ ಬಾಯಿಗೆ ಎರಡನ್ನೂ ಒಟ್ಟಿಗೆ ಹಿಡಿಯಲಾಗಲಿಲ್ಲ. ಸೈಕಲ್ ಅಂಗಡಿಯವನು ಗಾಬರಿಯಾಗಿ, ತಮಾಷೆಗೆ ಅಂದೆ ಅಣ್ಣ ಎಂದು ಎರಡು ಸಲ ಹೇಳಿ ಇಳಿದುಹೋದ.

ಅವನು ಹೋದ ಮೇಲೆ ಪೇಂಟರ್ ತಾಯಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದ. ಹಂಚಿದ ಚೀಟಿಗಳಲ್ಲಿ ಬರೆದದ್ದನ್ನು ನೆನಪಿನಿಂದ ಒಪ್ಪಿಸಿದ. ಹಂಚದೆ ಉಳಿದಿದ್ದ ದೇವರ ಚೀಟಿಯನ್ನು ಗೋಡೆಯ ಗೂಡಿನಿಂದ ತೆಗೆದು ಓದಿದ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, ಇಷ್ಟು ಜನರ ಮುಂದೆ ಹಲ್ಲು ಕಿರಿದುಕೊಂಡು ನಿಂತು ಬೈಗುಳ ಹಂಚಿ ಬಂದೆನಲ್ಲೋ ಎಂದಳು. ಅವಳು ಅವನಿಗೆ ಅಷ್ಟು ಹತಾಶಳಾಗಿ ಕಂಡದ್ದು ಆಸ್ಪತ್ರೆಯಲ್ಲೂ ಇಲ್ಲ. ಆಮೇಲೆ ದೇವರ ಚೀಟಿಯನ್ನು ಕೈಗೆ ತೆಗೆದುಕೊಂಡು ಮತ್ತೆ ಗೂಡಿನಲ್ಲಿಟ್ಟಳು.

“ಇದು ಇಲ್ಲೇ ಇರ್ಲಿ. ಅವನಿಗೆ ಬಂದಿದ್ದು ಅವನು ಓದ್ಕೋತಾನೆ, ಅವನು ತಡ್ಕೋತಾನೆ. ಉಳಿದವರು ಮನುಷ್ಯರು. ಅವರಿಗೆ ಹೊಸದಾಗಿ ಬರಿ. ಈ ಸಲ ನಾನು ಹೇಳ್ಕೊಡಲ್ಲ, ನಾನು ಕೊಡೋಕೂ ಹೋಗಲ್ಲ.”

ಆ ದಿನವೆಲ್ಲ ಬರೆದ. ಬೈಗುಳಕ್ಕೆ ಸುಲಭವಾಗಿ ಸಿಕ್ಕುತ್ತಿದ್ದ ಪದ ಈಗ ಸಿಗದೆ ಸತಾಯಿಸಿತು. ಹಾಲಿನವಳ ಬಗ್ಗೆ ಬರೆಯಲು ಕೂತಾಗ, ತಾನು ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಅವಳು ತಾಯಿಗೆ ಹಾಲು ಕಾಯಿಸಿ ಕುಡಿಸಿ ಹೋಗುತ್ತಿದ್ದದ್ದು ನೆನಪಾಯಿತು. ತಾಯಿ ಅದನ್ನು ಹತ್ತು ಸಲ ಹೇಳಿದ್ದಳು. ಅವನ ಕಿವಿಯೊಳಗೆ ಹೋಗಿದ್ದು ಈಗ.

ಮರುದಿನ ಬೆಳಿಗ್ಗೆ ಅವನು ಕುರ್ಚಿ ಬೇಡವೆಂದ. ಎಡಗೈಯಲ್ಲಿ ಕಂಬಿ ಹಿಡಿದು, ಬಲಗಾಲನ್ನು ಮೊದಲು ಇಳಿಸಿ, ಎಡಗಾಲನ್ನು ಅದರ ಪಕ್ಕಕ್ಕೆ ತಂದು, ಒಂದೊಂದೇ ಮೆಟ್ಟಿಲು. ಪ್ರತಿ ತಿರುವಿನಲ್ಲೂ ಕೂತ. ಅಂಗಳ ತಲುಪಿದಾಗ ಅಂಗಿ ಬೆವರಿಗೆ ಅಂಟಿತ್ತು. ಸೈಕಲ್ ಅಂಗಡಿಯವನಿಗೆ ಚೀಟಿ ಕೊಟ್ಟ. ಹಾಲಿನ ಕ್ಯಾನು ತೊಳೆಯುತ್ತಿದ್ದವಳಿಗೆ ಕೊಟ್ಟ. ಅವಳು ಓದಿ, ನೀರು ನಾನು ಬೆರೆಸೋದು ನಿಜ, ಆದರೆ ನಿಮ್ಮ ಮನೆ ಹಾಲಿಗಲ್ಲ ಎಂದು ನಕ್ಕಳು.

ಮಾಸ್ಟರನ ಅಂಗಡಿ ಬೀದಿಯ ತುದಿಯಲ್ಲಿ. ಅಲ್ಲಿಗೆ ಹೋಗುವಷ್ಟರಲ್ಲಿ ಅರ್ಧ ತಾಸಾಯಿತು. ಮಾಸ್ಟರು ತಲೆ ಎತ್ತದೆ ಹೊಲಿಯುತ್ತಿದ್ದ.

“ಮಾಸ್ಟ್ರೇ, ಆ ಚೀಟೀಲಿ ಇದ್ದಿದ್ದು ನನ್ನ ಮಾತು. ಅಮ್ಮ ಹೇಳಿದ್ದು ಬೇರೆ. ಅಮ್ಮಂಗೆ ಓದೋಕೆ ಬರಲ್ಲ.”

ಮಾಸ್ಟರು ಹೊಲಿಗೆಯನ್ನು ಕೊನೆಯವರೆಗೂ ಓಡಿಸಿ, ದಾರ ಕತ್ತರಿಸಿದ ಮೇಲೆ ಮಾತಾಡಿದ.

“ಅದು ನಂಗೆ ಗೊತ್ತಾಯ್ತು. ಓದೋಕೆ ಬಂದಿದ್ರೆ ಅದಕ್ಕೆ ಅಷ್ಟು ಚೆಂದ ಗುಂಡಿ ಹೊಲೀತಿದ್ರಾ?”

“ಮತ್ತೆ ಕೆಲಸ ಯಾಕೆ ನಿಲ್ಲಿಸಿದ್ರಿ?”

ಮಾಸ್ಟರು ಮೂಲೆಯತ್ತ ಕೈ ತೋರಿಸಿದ. ಅಲ್ಲಿ ಗುಂಡಿ ಹಾಕುವ ಯಂತ್ರವೊಂದು ಹಳೆಯ ಬಟ್ಟೆ ಹೊದ್ದು ನಿಂತಿತ್ತು. ನಿಮ್ಮಮ್ಮ ಬರುತ್ತಾರೆಂದು ಎರಡು ತಿಂಗಳಿಂದ ಅದನ್ನು ಮುಚ್ಚಿಟ್ಟಿದ್ದೆ, ಸುಮ್ಮನೆ ಕೊಟ್ಟರೆ ತೆಗೆದುಕೊಳ್ಳುವ ಜೀವ ಅಲ್ಲ ಅದು ಎಂದ. ಮತ್ತೆ ತಲೆ ತಗ್ಗಿಸಿ ಹೇಳಿದ: “ನೀನು ಬರೆದಿದ್ದು ಓದಿದ ಮೇಲೆ ನಿಜ ಅನ್ನಿಸಿಬಿಡ್ತು. ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡು ಆ ವಯಸ್ಸಿನವರ ಕಣ್ಣು ಹಾಳು ಮಾಡ್ತಿದ್ದೀನಲ್ಲ ಅಂತ. ಅವರ ಮುಖ ನೋಡೋಕಾಗ್ಲಿಲ್ಲ.”

ಪೇಂಟರ್ ಬಾಗಿಲ ಚೌಕಟ್ಟಿಗೆ ಒರಗಿದ. ಕೋಪ ಮಾಡಿಕೊಂಡಿದ್ದರೆ ಕಾಲು ಹಿಡಿಯಬಹುದಿತ್ತು. ಈ ಮನುಷ್ಯ ತನ್ನ ಮೇಲೆಯೇ ತಪ್ಪು ಹೊರಿಸಿಕೊಂಡು ಒಂದು ವಾರ ಕಳೆದಿದ್ದ. ಜೇಬಿನ ಚೀಟಿ ತೆಗೆದುಕೊಟ್ಟ. ಅದರಲ್ಲಿ ಇದ್ದದ್ದು ಇಷ್ಟೇ: ‘ನನ್ನ ಕೈ ನಿಂತಾಗ ನಮ್ಮಮ್ಮನ ಕೈಗೆ ಕೆಲಸ ಕೊಟ್ಟಿರಿ. ಅವಳ ತಲೆ ಬಾಗಲಿಲ್ಲ. ನಾನು ಅದನ್ನು ನೋಡಿಯೂ ನೋಡಲಿಲ್ಲ.’

ಮಾಸ್ಟರು ಓದಿ, ಮಡಚಿ, ಅಳತೆ ಪುಸ್ತಕದೊಳಗೆ ಇಟ್ಟ. ಎದ್ದು ನಾಲ್ಕು ಅಂಗಿ ಎಣಿಸಿ ಗಂಟು ಕಟ್ಟಿದ.

“ಆರು ಬೇಡ, ನಾಲ್ಕು ಸಾಕು. ಕತ್ತಲಾದ ಮೇಲೆ ಸೂಜಿ ಮುಟ್ಟಬಾರದು ಅಂತ ಹೇಳು. ಸೂಜಿ ನೀನು ಪೋಣಿಸಿ ಕೊಡು.”

ಒಂದೇ ಕೈಯಲ್ಲಿ ಸೂಜಿ ಪೋಣಿಸುವುದು ಹೇಗೆಂದು ಪೇಂಟರ್ ಕೇಳಲಿಲ್ಲ. ಮನೆಗೆ ಹೋಗಿ ಸೂಜಿಯನ್ನು ಸೋಪಿನ ತುಂಡಿಗೆ ಚುಚ್ಚಿ ನಿಲ್ಲಿಸಿ, ಎಡಗೈಯಲ್ಲಿ ದಾರ ತೂರಿಸಲು ಕಲಿತ. ಮೊದಲ ದಿನ ಒಂದು ಸೂಜಿಗೆ ಇಪ್ಪತ್ತು ನಿಮಿಷ ಹಿಡಿಯಿತು. ತಾಯಿ ಅವಸರ ಮಾಡಲಿಲ್ಲ.

ಆದರೆ ಅವಳು ಒಂದು ಕರಾರು ಹಾಕಿದಳು. ಇನ್ನು ಮುಂದೆ ನೀನು ಏನು ಬರೆದೆ ಎಂದು ನಾನು ಕೇಳುವುದಿಲ್ಲ, ನಾನೇ ಓದುತ್ತೇನೆ, ಕಲಿಸು ಎಂದಳು. ಈ ವಯಸ್ಸಿನಲ್ಲಾ ಎಂದು ಅವನು ನಕ್ಕರೆ, ನೀನು ಈ ವಯಸ್ಸಿನಲ್ಲಿ ನಡೆಯೋದು ಕಲಿತಿಲ್ಲವೇ ಎಂದಳು. ಅಡಿಗೆಮನೆಯ ಗೋಡೆಗೆ ಕಪ್ಪು ಬಣ್ಣ ಬಳಿದು, ಅವನು ಎಡಗೈಯಲ್ಲಿ ಮೊಳದುದ್ದದ ಅಕ್ಷರ ಬರೆದ. ಅವಳು ಅದರ ಮೇಲೆ ಬೆರಳಾಡಿಸಿದಳು. ಅವನ ಅಕ್ಷರ ಅವಳಿಗಾಗಿ ನೇರವಾಗುತ್ತ ಬಂತು. ಆಸ್ಪತ್ರೆಯಲ್ಲಿ ಅವನ ಬರವಣಿಗೆ ಕಂಡ ಡಾಕ್ಟರಮ್ಮ, ಕೈ ಬಿದ್ದ ಉಳಿದವರಿಗೂ ತಿದ್ದಲು ಚುಕ್ಕಿ ಅಕ್ಷರದ ಹಾಳೆ ಮಾಡಿಕೊಡಿ ಎಂದು ಕೇಳಿದಳು. ವಾರಕ್ಕೊಮ್ಮೆ ಆಸ್ಪತ್ರೆಯ ಉದ್ದನೆಯ ಮೇಜಿನ ಸುತ್ತ ಅವನು ಆರೇಳು ಜನರನ್ನು ಕೂರಿಸಿಕೊಂಡು ಬರೆಸತೊಡಗಿದ. ಮೊದಲ ದಿನ ಬೈದು ಬರೆಯಿರಿ, ಪರವಾಗಿಲ್ಲ, ಆದರೆ ಯಾರ ಕೈಗೂ ಕೊಡಬೇಡಿ ಎಂದು ಅವರಿಗೆ ಹೇಳುತ್ತಿದ್ದ. ಅವರು ಹೊಟ್ಟೆ ಹಿಡಿದು ನಗುತ್ತಿದ್ದರು. ಬಲಗೈ ಪೂರ್ತಿ ಬರಲೇ ಇಲ್ಲ. ಕಾಗದ ಜಾರದಂತೆ ಒತ್ತಿ ಹಿಡಿಯುವಷ್ಟು ಬಂತು.

ಒಂಬತ್ತು ತಿಂಗಳಿಗೆ ತಾಯಿ ಓದಲು ಕಲಿತಳು. ಕಲಿತದ್ದೇ ತಡ, ಬೀದಿಯಲ್ಲಿ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತ ನಡೆಯುವಳು. ಅವಳ ಜೊತೆ ಹೋಗುವುದೆಂದರೆ ಮಗನಿಗೆ ಹೆಮ್ಮೆಯೂ ಹೌದು, ಫಜೀತಿಯೂ ಹೌದು. ಒಂದು ಸಂಜೆ ಹಣ್ಣಿನ ಅಂಗಡಿಯ ಮುಂದೆ ಗಕ್ಕನೆ ನಿಂತಳು. ತಲೆ ಹಿಂದಕ್ಕೆ ಬಾಗಿಸಿ ಎರಡು ಸಲ ಓದಿದಳು.

“ಹಣಿನ ಅಂಗಡಿ. ಇಲ್ಲಿ ಒತ್ತು ಬೇಕಲ್ವೇನೋ? ಯಾರು ಬರೆದಿದ್ದು ಇದನ್ನ?”

ಹದಿನಾಲ್ಕು ವರ್ಷದಿಂದ ಅಂಗಡಿಯವನ ಕಣ್ಣಿಗೂ ಬೀಳದ ತಪ್ಪು ಅದು. ಪೇಂಟರ್ ಕತ್ತು ಕೆರೆದುಕೊಂಡ.

“ನಾನೇ ಅಮ್ಮ.”

ತಾಯಿ ಅಂಗಡಿಯವನಿಂದ ಒಂದು ಸ್ಟೂಲು ಕೇಳಿ ತಂದಳು. ಸೈಕಲ್ ಅಂಗಡಿಯವನು ಮನೆಯಿಂದ ಬಣ್ಣದ ಡಬ್ಬಿ ತಂದ. ಪೇಂಟರ್ ಸ್ಟೂಲು ಹತ್ತಿದ, ಸೈಕಲ್ ಅಂಗಡಿಯವನು ಅವನ ಸೊಂಟ ಹಿಡಿದು ನಿಂತ, ತಾಯಿ ಸ್ಟೂಲು ಹಿಡಿದು ನಿಂತಳು, ಪೇಂಟರ್ ಎಡಗೈ ಎತ್ತಿ ‘ಣಿ’ಯ ಕೆಳಗೆ ಒತ್ತು ಕೊಟ್ಟ. ಅದು ಕೊಂಚ ವಾಲಿಕೊಂಡಿತು. ಹಣ್ಣಿನ ಅಂಗಡಿಯವನು ಹಿಂದಕ್ಕೆ ಸರಿದು ನೋಡಿ, ಹಾಗೇ ಇರಲಿ ಎಂದು ತಾಯಿಯ ಕೈಗೆ ಎರಡು ಹಣ್ಣು ಕೊಟ್ಟ.