ಕ ಅಲ್ಲ, ಖ

ಚಾಮರಾಜಪೇಟೆಯ ಒಂದು ಮನೆಯಲ್ಲಿ ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಮಹಾಪ್ರಾಣವೊಂದು ಹೋಗಿರುವುದು ಪತ್ತೆಯಾಯಿತು. ಹೋದದ್ದು ಖ ಅಕ್ಷರದ್ದು. ಪತ್ತೆ ಮಾಡಿದವಳು ತ್ರಿಪುರಸುಂದರಿ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದವಳು. ಎಷ್ಟೋ ವಧುಗಳ ತಂದೆಯರಿಗೆ ಕಳೆದುಹೋದ ಒತ್ತು, ದೀರ್ಘಗಳು ಅವಳ ಕೆಂಪು ಪೆನ್ನಿನಿಂದ ಮರಳಿ ಸಿಕ್ಕಿದ್ದವು. ಮದುವೆ ಯಾರದು, ಎಲ್ಲಿ ಎಂದು ಕೇಳಿದರೆ ಮಾತ್ರ ಹೇಳಲಾರಳು. ಅಕ್ಷರ ನೋಡುವಾಗ ಅವಳು ಅರ್ಥದ ಗೊಡವೆಗೆ ಹೋಗುತ್ತಿರಲಿಲ್ಲ.

ಕಾಗದ ತಂದುಕೊಟ್ಟವನು ತಮ್ಮ ಶಂಭುಲಿಂಗಪ್ಪ. ಅಪ್ಪ ನಂಜುಂಡಯ್ಯ ಉಯಿಲು ಬರೆಯದೆ ತೀರಿಕೊಂಡು ವರ್ಷವಾಗಿತ್ತು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು, ಮಕ್ಕಳು ಇವರಿಬ್ಬರೇ. ಮುಂಭಾಗದಲ್ಲಿ ತಮ್ಮನ ಸಂಸಾರ, ಹಿಂದಿನ ಎರಡು ಕೋಣೆಗಳಲ್ಲಿ ಗಂಡ ಹೋದ ಮೇಲೆ ಬಂದುಳಿದ ಅಕ್ಕ. ಖಾತೆ ಅಪ್ಪನ ಹೆಸರಿನಿಂದ ಬದಲಾಗಬೇಕು, ಗುರುವಾರ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಒಂದು ಸಹಿ ಹಾಕಿದರೆ ಮುಗಿಯಿತು, ಹೇಗೂ ನಿನ್ನ ಕಸುಬು, ತಪ್ಪಿದ್ದರೆ ತಿದ್ದಿಕೊಡು ಎಂದಿದ್ದ.

ಮೂರು ಪುಟದಲ್ಲಿ ಸಿಕ್ಕ ಒಂದೇ ತಪ್ಪು ತಲೆಬರಹದಲ್ಲೇ ಇತ್ತು: 'ಹಕ್ಕು ಕುಲಾಸೆ ಪತ್ರ'. ಕುಲದ ಆಸೆಯನ್ನು ಯಾರೂ ರಿಜಿಸ್ಟರ್ ಮಾಡಿಸುವುದಿಲ್ಲ, ಇದು ಖುಲಾಸೆಯೇ ಇರಬೇಕು ಎಂದುಕೊಂಡಳು. ಪೇಪರಿನ ಕೋರ್ಟು ಸುದ್ದಿಯಲ್ಲಿ ಓದಿದ ಮಾತು. ಆದರೂ ಛಾಪಾ ಕಾಗದವಲ್ಲವೇ, ಪೆನ್ನು ಆಡಿಸುವ ಮೊದಲು ಕೇಳಿಬಿಡೋಣವೆಂದು ಪಕ್ಕದ ರಸ್ತೆಯಲ್ಲಿ ಕ್ರಯಪತ್ರ ಬರೆದುಕೊಡುವ ವಾದಿರಾಜರ ಮೇಜಿನ ಮುಂದೆ ಕೂತಳು.

"ಖುಲಾಸೆ ಅಂದ್ರೆ ಕೋರ್ಟಲ್ಲಿ ಬಿಟ್ಬಿಡ್ತಾರಲ್ಲ, ಅದೇ ತಾನೆ?"

ವಾದಿರಾಜರು ಕನ್ನಡಕ ಏರಿಸಿ ಮೂರೂ ಪುಟ ಓದಿದರು.

"ಅದೇ ಅಮ್ಮ. ಅಲ್ಲಿ ಆರೋಪಿನ ಬಿಟ್ಬಿಡ್ತಾರೆ. ಇಲ್ಲಿ ನೀವು ಮನೆ ಬಿಟ್ಬಿಡ್ತೀರ."

ಆಮೇಲೆ ಮೇಷ್ಟರ ಹಾಗೆ ಬಿಡಿಸಿ ಹೇಳಿದರು. ಖಾತೆ ಎಂದರೆ ಕಂದಾಯ ಯಾರ ಹೆಸರಲ್ಲಿ ಕಟ್ಟಬೇಕೆಂಬ ದಾಖಲೆ ಅಷ್ಟೆ. ಮನೆ ಯಾರದೆಂದು ಅದು ಹೇಳುವುದಿಲ್ಲ. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟರೆ ಖಾತೆ ಇಬ್ಬರ ಹೆಸರಿಗೂ ಜಂಟಿಯಾಗಿ ಆಗುತ್ತದೆ, ಯಾರೂ ಏನನ್ನೂ ಬಿಡಬೇಕಿಲ್ಲ. ಈ ಪತ್ರಕ್ಕೆ ಸಹಿ ಬಿದ್ದರೆ ಅವಳ ಅರ್ಧ ಭಾಗ ತಮ್ಮನಿಗೆ. ಹಿಂದಿನ ಎರಡು ಕೋಣೆಗಳೂ ಅದರಲ್ಲೇ ಸೇರಿದವು. ಅವರು ತರಿಸಿಕೊಟ್ಟ ಕಾಫಿ ಮೇಜಿನ ಮೇಲೇ ಕೆನೆಗಟ್ಟಿತು.

ತಮ್ಮನಿಗೆ ಗೊತ್ತಿತ್ತೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಗೊತ್ತಿರಲಾರದು ಎಂದು ತೀರ್ಮಾನಿಸುವ ಹೊತ್ತಿಗೆ ಮನೆ ಬಂತು. ಅವನು ಗೇಟಿನ ಹತ್ತಿರವೇ ನಿಂತಿದ್ದ.

"ತುಂಬಾ ತಪ್ಪಿತ್ತೇನಕ್ಕ?"

"ಒಂದೇ. ಇದಕ್ಕೆ ಸೈನ್ ಹಾಕಿದ್ರೆ ಹಿಂದಿನ ರೂಮು ಯಾರ್ದಾಗತ್ತೆ ಶಂಭು?"

"ಯಾರ್ದಾದ್ರೇನು? ನಿನ್ನ ಯಾರು ಓಡಿಸ್ತಾರೆ?"

"ಹಾಗಂತ ಇದರಲ್ಲಿ ಬರ್ದಿಲ್ಲ."

"ಎಲ್ಲಾನೂ ಬರೀತಾರೇನಕ್ಕ?"

"ಮದುವೆ ಕಾರ್ಡಲ್ಲಿ ಊಟದ ಟೈಮೂ ಬರೀತಾರೆ."

ಶಂಭುಲಿಂಗಪ್ಪ ನೆಲ ನೋಡಿದ. ಮಗ್ಗಿ ತಪ್ಪಿದಾಗಲೆಲ್ಲ ಹೀಗೇ ನೆಲ ನೋಡುತ್ತಿದ್ದ. ಆಗ ಮುಂದಿನ ಸಾಲು ಅವಳೇ ಹೇಳಿಕೊಡುತ್ತಿದ್ದಳು. ಅವನಿಗೆ ಗೊತ್ತಿತ್ತೆಂದು ಅವಳಿಗೆ ಗೊತ್ತಾಯಿತು. ಮುಂದಿನ ಸಾಲು ಈ ಸಲ ಅವಳಿಗೂ ಹೊಳೆಯಲಿಲ್ಲ. ಗೇಟಿನ ಕಂಬಕ್ಕೆ ಕಾಗದ ಒತ್ತಿಹಿಡಿದು, ಕೆಂಪು ಪೆನ್ನಿನಿಂದ ಕ ಹೊಡೆದು ಖ ಬರೆದು, ಸಹಿಯಿಲ್ಲದೆ ಅವನ ಕೈಗೆ ಕೊಟ್ಟಳು.

ಗುರುವಾರ ಅವಳು ಕಚೇರಿಗೆ ಹೋಗಲಿಲ್ಲ. ಮೂರು ತಿಂಗಳಿಗೆ ಖಾತೆ ಇಬ್ಬರ ಹೆಸರಿಗೂ ಆಯಿತು. ಶಂಭುಲಿಂಗಪ್ಪ ಅಕ್ಕನ ಜೊತೆ ಮಾತಾಡುವುದಿಲ್ಲ.